ಮೈಸೂರಿನ ಹೆಬ್ಬಾಳದ ಈ ಶೆಡ್‌ನಲ್ಲಿ ಏವಿಯಾನಿಕ್ಸ್ (ವಿಮಾನದ ಎಲೆಕ್ಟ್ರಾನಿಕ್ಸ್) ವೈರಿಂಗ್ ಮಾಡಿಸಿದೆ, ನನ್ನ ಅನುಭವ

ವಿಮಾನಕ್ಕೆ ದಾರಿ ತೋರಿಸುವ ನ್ಯಾವಿಗೇಷನ್ ರಿಸೀವರ್‌ಗೆ ಹಾರ್ನೆಸ್ (ವೈರ್‌ಗಳ ಕಟ್ಟು) ಕಟ್ಟಿಸಬೇಕು ಅಂದರೆ ಬೆಂಗಳೂರಿಗೇ ಹೋಗಬೇಕು ಅಂತ ಇಷ್ಟು ದಿನ ಅಂದುಕೊಂಡಿದ್ದೆ. ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಈ ಚಿಕ್ಕ ಶೆಡ್‌ಗೆ ಬಂದ ಮೇಲೆ ಆ ಓಡಾಟ ನಿಂತಿದೆ. ಕಣ್ಣು ಮುಚ್ಚಿಕೊಂಡು ಐದು ಸ್ಟಾರ್ ಕೊಡುತ್ತೇನೆ.

ವಿಮಾನ ರಿಪೇರಿ ಕಲಿಯುವ ಹುಡುಗರಿಗೆ ನಾನು ಪ್ರಾಕ್ಟಿಕಲ್ ಹೇಳಿಕೊಡುತ್ತೇನೆ. ನಂಜನಗೂಡು ರಸ್ತೆಯಲ್ಲಿ, ಮಂಡಕಳ್ಳಿ ಏರ್‌ಪೋರ್ಟ್ ಕಡೆ ನಮ್ಮ ಶೆಡ್ ಇದೆ. ಅಲ್ಲೊಂದು ಟೆಸ್ಟ್ ಬೆಂಚ್ ಇಟ್ಟಿದ್ದೇವೆ. ಅದರ ಮೇಲೆ ಹಳೆಯ ಗಾರ್ಮಿನ್ ಜಿಎನ್‌ಎಸ್ 430ಡಬ್ಲ್ಯೂ ರಿಸೀವರ್, ಪಕ್ಕದಲ್ಲಿ ಎಸ್‌ಎಲ್30 ಅನ್ನುವ ಇನ್ನೊಂದು ರಿಸೀವರ್, ಎದುರಿಗೆ ಡೈನಾನ್ ಸ್ಕೈವ್ಯೂ ಡಿಸ್‌ಪ್ಲೇ. ರಿಸೀವರ್ ಹಿಡಿದ ಸಿಗ್ನಲ್ ಡಿಸ್‌ಪ್ಲೇಯಲ್ಲಿ ಸೂಜಿಯಾಗಿ ಕಾಣಬೇಕು, ನಮಗೆ ಬೇಕಿದ್ದದ್ದು ಇಷ್ಟೇ.

ಮೊದಲು ಬೇರೆ ಒಬ್ಬರಿಂದ ವೈರಿಂಗ್ ಮಾಡಿಸಿದ್ದೆ. ಆನ್ ಮಾಡಿದ ತಕ್ಷಣ ಜಿಪಿಎಸ್ ದಾರಿ ಡಿಸ್‌ಪ್ಲೇ ಮೇಲೆ ಚೆನ್ನಾಗಿಯೇ ಬಂತು. ಆದರೆ 430ರ ಸಿಡಿಐ ಬಟನ್ (ಸೂಜಿಗೆ ಮಾಹಿತಿ ಎಲ್ಲಿಂದ ಅಂತ ಆರಿಸುವ ಬಟನ್) ಒತ್ತಿ ಜಿಪಿಎಸ್‌ನಿಂದ ವಿಎಲ್‌ಓಸಿಗೆ, ಅಂದರೆ ನೆಲದಿಂದ ಬರುವ ರೇಡಿಯೋ ಸಿಗ್ನಲ್‌ಗೆ, ಬದಲಾಯಿಸಿದರೆ ಸೂಜಿ ಮಾಯ. ಸಿಗ್ನಲ್ ಹುಟ್ಟಿಸುವ ಟೆಸ್ಟ್ ಸೆಟ್‌ನಿಂದ 108.10 ಮೆಗಾಹರ್ಟ್ಜ್‌ನಲ್ಲಿ ಲೋಕಲೈಸರ್ ಸಿಗ್ನಲ್ (ರನ್‌ವೇ ನಡುಗೆರೆಯಿಂದ ಎಡಕ್ಕಿದ್ದೇವೋ ಬಲಕ್ಕಿದ್ದೇವೋ ತೋರಿಸುವುದು) ಬಿಟ್ಟೆ, ಹೆಡ್‌ಸೆಟ್‌ನಲ್ಲಿ ಟೋನ್ ಕೇಳಿಸುತ್ತದೆ, ಡಿಸ್‌ಪ್ಲೇಯಲ್ಲಿ ಮಾತ್ರ ಏನೂ ಇಲ್ಲ. ವೈರಿಂಗ್ ಮಾಡಿದವರನ್ನು ಕರೆದು ತೋರಿಸಿದರೆ, ರಿಸೀವರ್ ಹೋಗಿದೆ ಸಾರ್, ಬೇರೆ ತಗೊಳ್ಳಿ ಅಂದುಬಿಟ್ಟರು. ನಾನೂ ನಂಬಿದೆ. ಎರಡು ತಿಂಗಳು ಐಎಲ್‌ಎಸ್ (ರನ್‌ವೇಗೆ ಇಳಿಯಲು ದಾರಿ ತೋರಿಸುವ ರೇಡಿಯೋ ವ್ಯವಸ್ಥೆ) ಪಾಠವನ್ನು ಬರೀ ಬೋರ್ಡ್ ಮೇಲೆ ಚಿತ್ರ ಬರೆದು ಮುಗಿಸಿದೆ. ದೂರದ ಊರುಗಳಿಂದ ಬಂದು ರೂಮ್ ಮಾಡಿಕೊಂಡು ಓದುವ ಹುಡುಗರು ಅವರು, ಅವರಿಗೆ ಸೂಜಿ ಅಲ್ಲಾಡುವುದನ್ನು ತೋರಿಸಲಾಗದೆ ತುಂಬಾ ಬೇಜಾರಾಗಿತ್ತು.

ಇಲ್ಲಿಗೆ ಬಂದಾಗ ಇವರು ರೇಟ್ ಮಾತಾಡಲೇ ಇಲ್ಲ. ಮೊದಲು ಕೇಳಿದ್ದು ಇದು: "ಮೇಷ್ಟ್ರೇ, 430ಯಿಂದ ಎಷ್ಟು ಜೋಡಿ ಏರಿಂಕ್ ವೈರ್ ಹೊರಗೆ ಬಂದಿದೆ?" ಏರಿಂಕ್ ಅಂದರೆ ವಿಮಾನದ ಉಪಕರಣಗಳು ಒಂದಕ್ಕೊಂದು ಮಾಹಿತಿ ಕಳಿಸುವ ಪದ್ಧತಿ. ಒಂದೇ ಜೋಡಿ ಅಂದೆ. "ಹಾಗಾದ್ರೆ ರಿಸೀವರ್ ಚೆನ್ನಾಗೇ ಇರತ್ತೆ. ಬೇರೆ ತಗೋಬೇಡಿ."

ವಿಷಯ ಏನಂದರೆ, 430ಡಬ್ಲ್ಯೂ ಜಿಪಿಎಸ್ ಮಾಹಿತಿಯನ್ನು ಏರಿಂಕ್ 429ರ ಒಂದು ಜೋಡಿಯಲ್ಲಿ ಕಳಿಸುತ್ತದೆ. ವಿಓಆರ್ (ದಿಕ್ಕು ಹೇಳುವ ನೆಲದ ರೇಡಿಯೋ ಸ್ಟೇಷನ್) ಮತ್ತು ಐಎಲ್‌ಎಸ್ ಮಾಹಿತಿ ಬರುವುದು ಬೇರೆ ಕನೆಕ್ಟರ್‌ನ ಇನ್ನೊಂದು ಜೋಡಿಯಲ್ಲಿ. ಮೊದಲಿನವರು ಆ ಎರಡನೇ ಜೋಡಿ ಎಳೆದೇ ಇರಲಿಲ್ಲ. 430ರ ಆರ್‌ಎಸ್-232 ಸೀರಿಯಲ್ ವೈರ್ ಇದೆಯಲ್ಲ ಅಂತ ನೀವು ಕೇಳಬಹುದು, ಅದರಲ್ಲಿ ಜಿಪಿಎಸ್ ಮಾತ್ರ ಬರುತ್ತದೆ, ಐಎಲ್‌ಎಸ್ ಸೂಜಿ ಬರುವುದಿಲ್ಲ. ಎಸ್‌ಎಲ್30 ಹಾಗಲ್ಲ, ಅದು ತನ್ನ ವಿಓಆರ್, ಲೋಕಲೈಸರ್, ಗ್ಲೈಡ್‌ಸ್ಲೋಪ್ (ಇಳಿಯುವ ಕೋನ) ಎಲ್ಲವನ್ನೂ ಸೀರಿಯಲ್‌ನಲ್ಲೇ, 9600 ಬಾಡ್ ವೇಗದಲ್ಲಿ ಕೊಡುತ್ತದೆ. ಎಸ್‌ಎಲ್30 ನೋಡಿ ಅಭ್ಯಾಸ ಇರುವವರು 430ಯಲ್ಲಿ ಎಡವುವುದು ಇಲ್ಲೇ. ಇನ್ನೊಂದು, ಸ್ಕೈವ್ಯೂ ಡಿಸ್‌ಪ್ಲೇ ಏರಿಂಕ್ ಅನ್ನು ನೇರವಾಗಿ ಓದುವುದಿಲ್ಲ, ನಡುವೆ ಡೈನಾನ್‌ನವರದೇ ಏರಿಂಕ್ ಮಾಡ್ಯೂಲ್ ಬೇಕು. ಅದು ನಮ್ಮ ಹತ್ತಿರ ಇತ್ತು, ಪುಣ್ಯ.

ಏರಿಂಕ್ 429ರಲ್ಲಿ ಮಾತು ಒಂದೇ ದಿಕ್ಕು. ಒಬ್ಬರು ಹೇಳುತ್ತಾರೆ, 20 ಜನರ ತನಕ ಕೇಳಬಹುದು, ವಾಪಸ್ ಹೇಳಬೇಕು ಅಂದರೆ ಬೇರೆ ಜೋಡಿಯೇ ಬೇಕು. ಹಾಗಾಗಿ ಮಾಡ್ಯೂಲ್‌ನಿಂದ 430ಗೆ ಮೂರನೆಯ ಜೋಡಿಯನ್ನೂ ಎಳೆದರು. ಪ್ರತಿ ಜೋಡಿಯಲ್ಲಿ ಎ, ಬಿ ಅಂತ ಎರಡು ವೈರ್, ಅದಲು ಬದಲಾದರೆ ಏನೂ ಸುಡುವುದಿಲ್ಲ, ಆದರೆ ಒಂದು ಅಕ್ಷರವೂ ಅರ್ಥವಾಗುವುದಿಲ್ಲ. ಸ್ಪೀಡ್ ಕೂಡ ಎರಡೂ ಕಡೆ ಒಂದೇ ಇರಬೇಕು, ಸೆಕೆಂಡಿಗೆ 12.5 ಕಿಲೋಬಿಟ್ ಅಥವಾ 100 ಕಿಲೋಬಿಟ್. ಎಂಟರ್ ಬಟನ್ ಒತ್ತಿ ಹಿಡಿದು 430 ಆನ್ ಮಾಡಿದರೆ ಸೆಟ್ಟಿಂಗ್ ಪುಟಗಳು ಬರುತ್ತವೆ, ಅವನ್ನೆಲ್ಲ ನನ್ನ ಕೈಯಲ್ಲೇ ಬರೆಸಿಕೊಂಡರು.

ಕೈಕೆಲಸದ ಬಗ್ಗೆ ಹೇಳಲೇಬೇಕು. ವೈರ್ ತುದಿಗೆ ಒತ್ತಿ ಕೂರಿಸುವ ಕ್ರಿಂಪ್ ಪಿನ್‌ನ ಪಕ್ಕದಲ್ಲಿ ಸೂಜಿಮೊನೆ ಗಾತ್ರದ ಒಂದು ತೂತು ಇರುತ್ತದೆ. ವೈರ್ ಪೂರ್ತಿ ಒಳಗೆ ಹೋಗಿದ್ದರೆ ಆ ತೂತಿನಲ್ಲಿ ತಾಮ್ರದ ಎಳೆಗಳು ಕಾಣಬೇಕು. ಇಲ್ಲಿ ಕೆಲಸ ಮಾಡುವ ಹುಡುಗಿ ಪ್ರತಿ ಪಿನ್ನನ್ನೂ ಭೂತಗನ್ನಡಿ ಕೆಳಗೆ ಹಿಡಿದು ಆ ತೂತು ನೋಡಿ, ಒಮ್ಮೆ ಎಳೆದು ನೋಡಿ, ಆಮೇಲೆ ಕನೆಕ್ಟರ್‌ಗೆ ಸೇರಿಸುತ್ತಾಳೆ. ಟಕ್ ಅಂತ ಸದ್ದು ಬರದಿದ್ದರೆ ಮತ್ತೆ ತೆಗೆಯುತ್ತಾಳೆ. ಪಿವಿಸಿ ವೈರ್ ಮುಟ್ಟುವುದಿಲ್ಲ, ಎಲ್ಲ ಟೆಫ್ಜೆಲ್ ಹೊದಿಕೆಯ ವೈರ್, 150 ಡಿಗ್ರಿ ಶಾಖ ತಡೆಯುವುದು. ಬೆಂಗಳೂರಿನ ಎಸ್.ಪಿ. ರೋಡ್‌ನಿಂದ ನಾನೇ ಕಡಿಮೆ ರೇಟಿಗೆ ವೈರ್ ತಂದುಕೊಡುತ್ತೇನೆ ಅಂದಿದ್ದೆ, ಬೇಡವೇ ಬೇಡ ಅಂದರು, ಸಾಮಾನ್ಯ ಪಿವಿಸಿ ವೈರ್ ಸುಟ್ಟರೆ ಬರುವ ಹೊಗೆಯಲ್ಲಿ ಕಾಕ್‌ಪಿಟ್‌ನಲ್ಲಿ ಕೂತವರು ಉಸಿರಾಡಲು ಆಗುವುದಿಲ್ಲ, ಹುಡುಗರು ಬೆಂಚಿನ ಮೇಲೆ ನೋಡಿದ್ದನ್ನೇ ನಾಳೆ ವಿಮಾನದಲ್ಲಿ ಮಾಡುತ್ತಾರೆ ಅಂತ. ಆ ಮಾತು ನನಗೆ ತುಂಬಾ ಹಿಡಿಸಿತು.

ಬೆಂಚಿಗೆ ಜೋಡಿಸುವ ದಿನ ಅವರೇ ಬಂದರು. ಪವರ್ ಕೊಡುವ ಮುಂಚೆ ಒಂದೊಂದು ಪಿನ್ನನ್ನೂ ಮೀಟರ್‌ನಲ್ಲಿ ಬೀಪ್ ಮಾಡಿ ನೋಡಿದರು, ಅದಕ್ಕೇ ಒಂದೂವರೆ ಗಂಟೆ ಹೋಯಿತು. ಆಮೇಲೆ ಮದ್ದೂರಿನ ಹುಡುಗನೊಬ್ಬನ ಕೈಗೆ ಟೆಸ್ಟ್ ಸೆಟ್ ಕೊಟ್ಟೆ. ಲೋಕಲೈಸರ್ ಸಿಗ್ನಲ್‌ನಲ್ಲಿ 90 ಮತ್ತು 150 ಹರ್ಟ್ಜ್‌ನ ಎರಡು ಟೋನ್ ಇರುತ್ತವೆ. 90 ಜಾಸ್ತಿ ಮಾಡಿದ, ಸೂಜಿ ಬಲಕ್ಕೆ ಹೋಯಿತು. 150 ಜಾಸ್ತಿ ಮಾಡಿದ, ಎಡಕ್ಕೆ ಬಂತು. "ಬಂತು ಸಾರ್, ಬಂತು" ಅಂತ ಕೂಗಿಬಿಟ್ಟ. ಉಳಿದವರೆಲ್ಲ ಬೆಂಚ್ ಸುತ್ತ ಮುತ್ತಿಕೊಂಡರು, ಆವತ್ತು ಊಟದ ಬೆಲ್ ಯಾರಿಗೂ ಕೇಳಿಸಲಿಲ್ಲ.

ಬೇಸರದ ವಿಷಯ ಎರಡು. ಹತ್ತು ದಿನ ಅಂದವರು ಮೂರು ವಾರ ತೆಗೆದುಕೊಂಡರು, ನಡುವೆ ಫೋನ್ ಮಾಡಿದರೆ ಎತ್ತುವುದಿಲ್ಲ. ವೈರಿಂಗ್ ಡ್ರಾಯಿಂಗ್ ಪೆನ್ಸಿಲ್‌ನಲ್ಲಿ ಬರೆದು ಕೊಟ್ಟರು, ಪ್ರಿಂಟ್ ಬೇಕು ಅಂತ ಜಗಳ ಮಾಡಿ ತೆಗೆಸಿಕೊಂಡೆ. ಅದು ಇಲ್ಲದಿದ್ದರೆ ಮುಂದೆ ಬರುವವರು ಕತ್ತಲೆಯಲ್ಲಿ ತಡಕಾಡಬೇಕು.

ಒಂದು ಮಾತು ಗಮನಿಸಿ. ಇವರು ಮಾಡುವುದು ಬೆಂಚ್, ಸಿಮ್ಯುಲೇಟರ್ ಕೆಲಸ ಮಾತ್ರ. ವಿಟಿ ಅಂತ (ಭಾರತದ ವಿಮಾನಗಳ ಗುರುತು) ರಿಜಿಸ್ಟರ್ ಆದ ವಿಮಾನ ಆದರೆ ಸರ್ಕಾರದ ವಿಮಾನಯಾನ ನಿಯಂತ್ರಕರಾದ ಡಿಜಿಸಿಎ ಒಪ್ಪಿದ ಕಡೆಯೇ ಮಾಡಿಸಬೇಕು, ಏವಿಯಾನಿಕ್ಸ್ ಲೈಸೆನ್ಸ್ ಇರುವ ಎಂಜಿನಿಯರ್ ಸಹಿ ಬೇಕು. ಇದನ್ನು ಅವರೇ ಬಾಯಿಬಿಟ್ಟು ಹೇಳುತ್ತಾರೆ, ದುಡ್ಡು ಬರುತ್ತದೆ ಅಂತ ಒಪ್ಪಿಕೊಳ್ಳುವುದಿಲ್ಲ.

ಹೋಗುವಾಗ ನಿಮ್ಮ ರಿಸೀವರ್‌ನ ಇನ್‌ಸ್ಟಲೇಷನ್ ಮ್ಯಾನ್ಯುಯಲ್ ಪ್ರಿಂಟ್ ತೆಗೆದುಕೊಂಡು ಹೋಗಿ, ಸಾಫ್ಟ್‌ವೇರ್ ವರ್ಷನ್ ಬರೆದುಕೊಳ್ಳಿ. ಫೋನ್ ನಂಬಬೇಡಿ, ಬೆಳಿಗ್ಗೆ ಹತ್ತರ ಮೇಲೆ ನೇರವಾಗಿ ಹೋದರೆ ಸಿಗುತ್ತಾರೆ.