ಮಣ್ಣಲ್ಲಿ ಕರಗುವ ಮಲ್ಚಿಂಗ್ ಪೇಪರ್: ಎರಡು ವರ್ಷ, ಮೂರು ಬೆಳೆ

ಸೌತೆಗೆ ನಾಲ್ಕೂವರೆ ಸ್ಟಾರ್, ಟೊಮೆಟೊಗೆ ಮೂರು, ದಪ್ಪ ಮೆಣಸಿನಕಾಯಿಗೆ ಒಂದು. ಮಲ್ಚಿಂಗ್ ಪೇಪರ್ ಅಂದರೆ ಕಳೆ ಬರದ ಹಾಗೆ ಗಿಡದ ಸಾಲಿನ ಮೇಲೆ ಹಾಸುವ ತೆಳು ಹಾಳೆ. ಒಂದೇ ಪೇಪರಿಗೆ ಮೂರು ಥರ ಅಂಕ ಯಾಕೆ ಅಂತ ಹೇಳುತ್ತೇನೆ.

ನಮ್ಮದು ಕೋಲಾರದ ಕಡೆ, ಕೆಂಪು ಮಣ್ಣು. ಮೊದಲು ಎಲ್ಲರ ಹಾಗೆ 25 ಮೈಕ್ರಾನ್ ಪ್ಲಾಸ್ಟಿಕ್ ಹಾಕುತ್ತಿದ್ದೆವು. ಬೆಳೆ ಮುಗಿದ ಮೇಲೆ ಅದನ್ನು ಕೀಳುವುದೇ ತಲೆನೋವು. ಅರ್ಧ ಕೈಗೆ ಬರುತ್ತದೆ, ಇನ್ನರ್ಧ ಹರಿದು ಮಣ್ಣಲ್ಲೇ ಉಳಿಯುತ್ತದೆ, ಆಮೇಲೆ ಮಣ್ಣು ಪುಡಿ ಮಾಡುವ ರೋಟವೇಟರ್ ಬ್ಲೇಡಿಗೆ ಸುತ್ತಿಕೊಳ್ಳುತ್ತದೆ. ಅದಕ್ಕೇ ಇದನ್ನು ತಂದೆ. ಪಿಬಿಎಟಿ, ಪಿಎಲ್‌ಎ ಅನ್ನುವ, ಸೂಕ್ಷ್ಮಜೀವಿಗಳು ಕರಗಿಸಬಲ್ಲ ಎರಡು ಥರದ ಪ್ಲಾಸ್ಟಿಕ್ ಬೆರೆಸಿ ಮಾಡಿದ್ದು. ಕಪ್ಪು, 20 ಮೈಕ್ರಾನ್, ನಾಲ್ಕಡಿ ಅಗಲ. ಬೆಲೆ ಮಾಮೂಲಿಯ ಎರಡರಷ್ಟಕ್ಕಿಂತ ಜಾಸ್ತಿ.

ಮೊದಲು ಟೊಮೆಟೊ. ಅಭ್ಯಾಸದ ಮೇಲೆ ತಮಟೆ ಥರ ಬಿಗಿಯಾಗಿ ಎಳೆದು ಹಾಸಿದೆವು, ಬ್ಲೇಡಿನಲ್ಲಿ ಅಡ್ಡಡ್ಡ ಕೊಯ್ದು ಸಸಿ ನೆಟ್ಟೆವು. ವಾರದಲ್ಲೇ ಆ ಕೊಯ್ದ ಮೂಲೆಗಳಿಂದ ಸೀಳು ಹೊರಟು, ಸಾಲಿನ ಉದ್ದಕ್ಕೂ ಓಡಿತು. ಇಂಥ ಪೇಪರ್ ಉದ್ದಕ್ಕೆ ಬೇಗ ಸೀಳುತ್ತದೆ, ಅಡ್ಡಕ್ಕೆ ಅಷ್ಟಲ್ಲ. ನಮ್ಮಣ್ಣ ನೋಡಿ, "ದುಡ್ಡು ಕೊಟ್ಟು ಹರಕಲು ತಂದಿದ್ದೀಯಲ್ಲೋ" ಅಂದ. ಮುಂದಿನ ಸಲ ಕಾಸಿದ ಪೈಪಿನಿಂದ ದುಂಡು ತೂತು ಮಾಡಿದೆ, ಸ್ವಲ್ಪ ಸಡಿಲವಾಗಿ ಹಾಸಿದೆ. ಸೀಳು ಹೆಚ್ಚುಕಡಿಮೆ ನಿಂತೇಹೋಯಿತು.

ಆದರೆ ಇದರ ನಿಜವಾದ ಸೋಲು ಮೇಲಿಲ್ಲ, ಅಂಚಿನಲ್ಲಿದೆ. ಬೆಡ್ಡಿನ ಎರಡೂ ಬದಿ ಮಣ್ಣು ಮುಚ್ಚುತ್ತೇವಲ್ವಾ, ಅಲ್ಲಿ ತೇವ ಇರುತ್ತದೆ, ಸೂಕ್ಷ್ಮಜೀವಿಗಳೂ ಇರುತ್ತವೆ. ಹಾಗಾಗಿ ಮೇಲ್ಭಾಗ ಗಟ್ಟಿಯಿದ್ದಾಗಲೇ ಹೂತ ಅಂಚು ಸವೆದುಹೋಗುತ್ತದೆ. ಟೊಮೆಟೊದಲ್ಲಿ ಎರಡು ತಿಂಗಳಿಗೆ ಅಂಚು ಬಿಟ್ಟು, ಗಾಳಿಗೆ ಪೇಪರ್ ಪಟಪಟ ಹೊಡೆದುಕೊಳ್ಳುತ್ತಿತ್ತು. ಅಷ್ಟರಲ್ಲಿ ಗಿಡ ಹರಡಿ ನೆರಳು ಮಾಡಿತ್ತು, ಬಚಾವಾದೆ. ಸೌತೆಯಂತೂ ಅಂಚು ಬಿಡುವ ಹೊತ್ತಿಗೆ ಹೆಚ್ಚುಕಡಿಮೆ ಮುಗಿದೇ ಇತ್ತು. ಎಂಟು ತಿಂಗಳ ದಪ್ಪ ಮೆಣಸಿನಕಾಯಿಗೆ ಹಾಕಿದ್ದು ನನ್ನದೇ ತಪ್ಪು. ನಾಲ್ಕನೇ ತಿಂಗಳಿಗೆ ಚಿಂದಿ, ಆಮೇಲೆ ಪೂರ್ತಿ ಕಳೆ ಕೂಲಿ. ಜೇಕು ಅನ್ನುವ ಚೂಪು ಮೊಳಕೆಯ ಕಳೆ ಮಾತ್ರ ಯಾವ ಪೇಪರನ್ನೂ ಬಿಡುವುದಿಲ್ಲ, ಚುಚ್ಚಿಕೊಂಡೇ ಮೇಲೆ ಬರುತ್ತದೆ.

ಕರಗುತ್ತದಾ? ಕರಗುತ್ತದೆ, ಆದರೆ ಹೇಳಿದ ದಿನಕ್ಕಲ್ಲ. ಯುರೋಪಿನ ಇಎನ್ 17033 ಅನ್ನುವ ಮಾನದಂಡ 2018ರದ್ದು. ಮಣ್ಣಲ್ಲಿ ಎರಡು ವರ್ಷದೊಳಗೆ ಶೇ 90ರಷ್ಟು ಕರಗಬೇಕು ಅನ್ನುತ್ತದೆ. ಅದು ಬೆಚ್ಚಗೆ, ತೇವವಾಗಿ ಇಟ್ಟ ಲ್ಯಾಬಿನ ಮಣ್ಣು. ನಮ್ಮ ಹೊಲ ಫೆಬ್ರವರಿಯಿಂದ ಮೇವರೆಗೆ ಒಣಗಿ ಬಿದ್ದಿರುತ್ತದೆ. ಟೊಮೆಟೊ ಆದಮೇಲೆ ಉತ್ತು ಮಣ್ಣಿಗೆ ಸೇರಿಸಿದ ತುಂಡುಗಳು ಬೇಸಿಗೆಯಿಡೀ ಹಾಗೇ ಇದ್ದವು, ಮಳೆ ಬಿದ್ದ ಮೇಲೆ ಕಡಿಮೆಯಾಗುತ್ತಾ ಬಂದವು. ರೋಟವೇಟರಿಗೆ ಮಾತ್ರ ಒಂದೂ ಸುತ್ತಿಕೊಳ್ಳಲಿಲ್ಲ.

ಅಂಗಡಿಯಲ್ಲಿ ಕಡಿಮೆ ಬೆಲೆಗೆ "ತಾನೇ ಪುಡಿಯಾಗುವ" ಪೇಪರ್ ತೋರಿಸಿದರೆ ಹುಷಾರು. ಆಕ್ಸೋ ಅಂತ ಬರುತ್ತದಲ್ಲ, ಅದು ಮಾಮೂಲಿ ಪ್ಲಾಸ್ಟಿಕ್ಕೇ, ಬೇಗ ಚೂರಾಗುವ ಹಾಗೆ ಏನೋ ಬೆರೆಸಿರುತ್ತಾರೆ ಅಷ್ಟೆ. ಯುರೋಪಿನಲ್ಲಿ 2021ರಿಂದ ಅದನ್ನು ಮಾರುವಂತಿಲ್ಲ.

ಇನ್ನೊಂದು. ಉಳಿದ ಅರ್ಧ ರೋಲನ್ನು ಶೀಟಿನ ಶೆಡ್ಡಿನಲ್ಲಿ ಇಟ್ಟಿದ್ದೆ. ಒಂದು ವರ್ಷದೊಳಗೆ ಬಳಸಿ ಅಂತ ಪ್ಯಾಕಿನ ಮೇಲೆ ಬರೆದಿತ್ತು, ನಾನು ಓದಿರಲಿಲ್ಲ. ಮೊನ್ನೆ ಬಿಚ್ಚಲು ಹೋದರೆ ಕೈಯಲ್ಲೇ ಹರಿದುಬಂತು. ಈಗ ಸಾಲು ಅಳೆದು, ಆ ಬೆಳೆಗೆ ಬೇಕಾದಷ್ಟೇ ತರುತ್ತೇನೆ.