3 ಟನ್ ಜಾಕ್ ಸ್ಟ್ಯಾಂಡ್ ಜೋಡಿ: ಬಳ್ಳಾರಿಯ ನಮ್ಮ ಪೋರ್ಟಿಕೋದಲ್ಲಿ 14 ತಿಂಗಳು ಬಳಸಿದ ಮೇಲೆ

ಜಾಕಿಯಿಂದ ಎತ್ತಿದ ಕಾರಿನ ಭಾರ ಹೊರಲು ಕೆಳಗೆ ಇಡುವ ಕಬ್ಬಿಣದ ಆಸರೆಯೇ ಜಾಕ್ ಸ್ಟ್ಯಾಂಡ್. ಹೋದ ವರ್ಷ ಯುಗಾದಿ ಮುಗಿದ ವಾರ ಈ ಜೋಡಿ ತಂದೆ. ಬೇಕಾದ ಎತ್ತರದ ತೂತಿಗೆ ಪಿನ್ ಹಾಕಿ ನಿಲ್ಲಿಸುವ ಮಾದರಿ, 3 ಟನ್, ಎರಡೂ ಸೇರಿ 2,450 ರೂಪಾಯಿ. ಕೌಲ್ ಬಜಾರ್ ಕಡೆ ಒಂದು ಟೂಲ್ಸ್ ಅಂಗಡಿಯಲ್ಲಿ ಸಿಕ್ಕಿತು. ಬ್ರ್ಯಾಂಡ್ ಹೆಸರು ಬರೆಯುತ್ತಿಲ್ಲ, ಯಾಕಂದ್ರೆ ಇದೇ ಸ್ಟ್ಯಾಂಡು ಬೇರೆ ಅಂಗಡಿಯಲ್ಲಿ ಬೇರೆ ಸ್ಟಿಕ್ಕರ್ ಹಚ್ಚಿಕೊಂಡು ನಿಂತಿದ್ದನ್ನು ಕಣ್ಣಾರೆ ನೋಡಿದ್ದೇನೆ. ಹೆಸರಿಗಿಂತ ಏನು ನೋಡಿ ಕೊಳ್ಳಬೇಕು ಅನ್ನೋದೇ ಮುಖ್ಯ.

ಇದನ್ನು ತರುವ ಮುಂಚೆ ನಾನೂ ಬರೀ ಜಾಕಿ ನಂಬಿ ಕೆಲಸ ಮಾಡುತ್ತಿದ್ದೆ. ನಮ್ಮ ವ್ಯಾಗನ್‌ಆರ್‌ಗೆ ಆಯಿಲ್ ಬದಲಿಸೋದು, ಬ್ರೇಕ್ ಪ್ಯಾಡ್ ಹಾಕೋದು ಎಲ್ಲ ನಾನೇ. ಒಂದು ಭಾನುವಾರ ಗೆಳೆಯನ ಟ್ರಾಲಿ ಜಾಕಿ (ನೆಲದ ಮೇಲೆ ಉರುಳುವ ಹೈಡ್ರಾಲಿಕ್ ಜಾಕಿ) ಇಸ್ಕೊಂಡು ಬಂದು ಮುಂದಿನ ಎಡಗಡೆ ಎತ್ತಿದೆ. ಚಕ್ರ ಬಿಚ್ಚಿದೆ. ಹಳೇ ಪ್ಯಾಡ್ ತೆಗೆದೆ. ಅಷ್ಟರಲ್ಲಿ ಅಮ್ಮ ಊಟಕ್ಕೆ ಕರೆದರು. ಕೈ ತೊಳೆದು, ಎರಡು ರೊಟ್ಟಿ ತಿಂದು, ಅರ್ಧ ಗಂಟೆ ಬಿಟ್ಟು ಹೊರಗೆ ಬಂದೆ. ಕಾರು ನಾಲ್ಕು ಬೆರಳಷ್ಟು ಕೆಳಗೆ ಇಳಿದಿತ್ತು. ಯಾರೂ ಮುಟ್ಟಿಲ್ಲ. ಸದ್ದೂ ಆಗಿಲ್ಲ. ಜಾಕಿ ಬುಡದಲ್ಲಿ ಎಣ್ಣೆಯ ಸಣ್ಣ ಕಲೆ ಮಾತ್ರ ಇತ್ತು. ಊಟಕ್ಕೆ ಹೋಗುವ ಮುಂಚೆ ಅದೇ ಜಾಗದಲ್ಲಿ ತೋಳು ಚಾಚಿ ಮಲಗಿದ್ದೆ ಅಂತ ನೆನಪಾಗಿ ಆವತ್ತು ಕೆಲಸ ಮುಂದುವರಿಸಲು ಆಗಲಿಲ್ಲ. ಹಾಗೇ ಚಕ್ರ ಹಾಕಿ ಇಳಿಸಿಬಿಟ್ಟೆ.

ಆಮೇಲೆ ಅರ್ಥ ಆಯಿತು. ಹೈಡ್ರಾಲಿಕ್ ಜಾಕಿಯಲ್ಲಿ ಇಡೀ ಭಾರ ನಿಂತಿರುವುದು ಒಳಗೆ ತಡೆಹಿಡಿದ ಎಣ್ಣೆಯ ಮೇಲೆ. ಆ ಎಣ್ಣೆಯನ್ನು ಹಿಡಿದಿರುವುದು ಒಂದು ಸಣ್ಣ ವಾಲ್ವ್ ಮತ್ತು ರಬ್ಬರ್ ಸೀಲು. ವಾಲ್ವ್‌ನಲ್ಲಿ ಒಂದು ಕಣ ಮಣ್ಣು ಕೂತರೂ, ಸೀಲು ಹಳೆಯದಾಗಿ ಬಿರುಕು ಬಿಟ್ಟರೂ ಎಣ್ಣೆ ಜಾರಿಕೊಳ್ಳುತ್ತದೆ. ನನ್ನದು ನಿಧಾನಕ್ಕೆ ಇಳಿಯಿತು. ಸೀಲು ಒಮ್ಮೆಲೇ ಕೈಕೊಟ್ಟರೆ ಹೊರಗೆ ಬರಲು ಯಾರಿಗೂ ಟೈಮ್ ಸಿಗುವುದಿಲ್ಲ. ಇನ್ನು ಡಿಕ್ಕಿಯಲ್ಲಿ ಕೊಡುವ ಸ್ಕ್ರೂ ಜಾಕಿ. ಅದರಲ್ಲಿ ಎಣ್ಣೆ ಇಲ್ಲ, ನಿಜ. ಆದರೆ ಪಾದ ಸಣ್ಣದು, ಕಾರು ಸ್ವಲ್ಪ ಹಿಂದೆ ಮುಂದೆ ಸರಿದರೂ ಪಕ್ಕಕ್ಕೆ ಮಗುಚುತ್ತದೆ. ಅದು ಸ್ಟೆಪ್ನಿ ಹಾಕಲು ಮಾತ್ರ. ಬರೀ ಜಾಕಿ ಮೇಲಿದ್ದಾಗ ಕಾರಿನ ಕೆಳಗೆ ಹೋಗಬೇಡಿ ಅಂತ ಕಾರಿನ ಜೊತೆ ಕೊಡುವ ಪುಸ್ತಕದಲ್ಲೇ ಬರೆದಿರುತ್ತದೆ, ನಾವು ಓದಿರಲ್ಲ ಅಷ್ಟೇ.

ಸ್ಟ್ಯಾಂಡ್ ಯಾಕೆ, ನಾಲ್ಕು ಇಟ್ಟಿಗೆ ಇಟ್ಟರೆ ಆಗಲ್ವಾ ಅಂತ ನಮ್ಮ ಓಣಿಯಲ್ಲೇ ಇಬ್ಬರು ಕೇಳಿದರು. ದಯವಿಟ್ಟು ಬೇಡ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಗೋಡೆಯಲ್ಲಿ ಭಾರ ಹೊರುತ್ತವೆ ಸರಿ, ಅಲ್ಲಿ ಭಾರ ಇಡೀ ಮೈಮೇಲೆ ಹರಡಿರುತ್ತದೆ. ಕಾರಿನ ಕೆಳಗಿನ ಕಬ್ಬಿಣದ ಅಂಚು ಕತ್ತಿಯ ಬಾಯಿ ಥರ ಒಂದೇ ಗೆರೆಯಲ್ಲಿ ಒತ್ತುತ್ತದೆ. ಬ್ಲಾಕು ಒಳಗೊಳಗೇ ಸೀಳು ಬಿಟ್ಟು ಒಂದು ಕ್ಷಣದಲ್ಲಿ ಪುಡಿ ಆಗುತ್ತದೆ, ಮುನ್ಸೂಚನೆ ಏನೂ ಕೊಡುವುದಿಲ್ಲ. ಸೈಜುಗಲ್ಲು ಒಡೆಯಲಿಕ್ಕಿಲ್ಲ, ಆದರೆ ಮೇಲ್ಮೈ ಏರುಪೇರು, ಕಲ್ಲಿನ ಮೇಲೆ ಕಬ್ಬಿಣ ಜಾರುತ್ತದೆ. ನಮ್ಮ ಕಡೆ ಅದಿರು ಲಾರಿ ರಿಪೇರಿ ಮಾಡಿ ಪಳಗಿದ ಹಳೇ ಮೇಸ್ತ್ರಿಗಳು ದಪ್ಪ ಮರದ ದಿಮ್ಮಿಗಳನ್ನೇ ಅಡ್ಡಡ್ಡ ಉದ್ದುದ್ದ ಪೇರಿಸಿ ಇಡುತ್ತಾರೆ. ಅದಕ್ಕೆ ಕಾರಣ ಇದೆ. ಗಟ್ಟಿ ಮರ ಸೋಲುವ ಮುಂಚೆ ಸಾಮಾನ್ಯವಾಗಿ ಕಿರ್ ಅಂತ ಸದ್ದು ಮಾಡುತ್ತದೆ, ನಿಧಾನಕ್ಕೆ ಜಜ್ಜಿಹೋಗುತ್ತದೆ.

ಮೊದಲು ಒಂದು ಜೋಡಿ ಆನ್‌ಲೈನ್‌ನಲ್ಲಿ ತರಿಸಿದ್ದೆ. ಬೆಲೆ ಕಡಿಮೆ ಇತ್ತು. ಬಿಚ್ಚಿ ನೆಲದ ಮೇಲಿಟ್ಟರೆ ಒಂದರ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ, ವೆಲ್ಡಿಂಗ್‌ನಲ್ಲಿ ಸೂಜಿ ತೂರುವಷ್ಟು ತೂತು. ಅದೇ ದಿನ ವಾಪಸ್ ಕಳಿಸಿದೆ. ಕೈಯಲ್ಲಿ ಹಿಡಿದು ನೋಡಿಯೇ ಕೊಳ್ಳಬೇಕು ಅಂತ ಆಮೇಲೆ ಅಂಗಡಿಗೆ ಹೋದೆ.

ಅಂಗಡಿಯ ಹುಡುಗ ಮೊದಲು ಹಲ್ಲಿನ ಮಾದರಿ ತಂದಿಟ್ಟ. ಮಧ್ಯದ ಕಂಬದಲ್ಲಿ ಗರಗಸದ ಥರ ಹಲ್ಲು ಇರುತ್ತವೆ, ಹಿಡಿ ಎತ್ತಿದರೆ ಬಿಡುತ್ತದೆ, ಇಳಿಸಿದರೆ ಕಚ್ಚಿಕೊಳ್ಳುತ್ತದೆ. "ಅಣ್ಣಾ, ಎಲ್ಲರೂ ಇದೇ ಒಯ್ತಾರ, ಎತ್ತಾಕ ಇಳಿಸಾಕ ಸಲೀಸು" ಅಂದ. ಸಲೀಸು ಹೌದು. ಆದರೆ ಹಲ್ಲು ಪೂರ್ತಿ ಕಚ್ಚಿದೆಯಾ, ತುದಿಯಲ್ಲಿ ಮಾತ್ರ ನಿಂತಿದೆಯಾ ಅಂತ ಹೊರಗಿನಿಂದ ಕಾಣುವುದಿಲ್ಲ. 2020ರಲ್ಲಿ ಅಮೆರಿಕದ ಹಾರ್ಬರ್ ಫ್ರೈಟ್ ಕಂಪನಿ ತನ್ನ ಪಿಟ್ಸ್‌ಬರ್ಗ್ ಬ್ರ್ಯಾಂಡಿನ 3 ಟನ್, 6 ಟನ್ ಸ್ಟ್ಯಾಂಡ್‌ಗಳನ್ನು ಲಕ್ಷಗಟ್ಟಲೆ ವಾಪಸ್ ಕರೆಸಿಕೊಂಡಿತ್ತು. ಕಾರ್ಖಾನೆಯ ಅಚ್ಚು ಸವೆದು, ಹಲ್ಲು ಸರಿಯಾಗಿ ಕಚ್ಚದೆ ಭಾರ ಬಿದ್ದಾಗ ಜಾರುವ ಅಪಾಯ ಇತ್ತು. ಬದಲಿಗೆ ಕೊಟ್ಟ ಸ್ಟ್ಯಾಂಡ್‌ಗಳಲ್ಲೂ ಕೆಲವಕ್ಕೆ ವೆಲ್ಡಿಂಗ್ ದೋಷ ಬಂದು ಅವನ್ನೂ ಅದೇ ವರ್ಷ ವಾಪಸ್ ತಗೊಂಡರು. ಹಲ್ಲಿನವೆಲ್ಲ ಕೆಟ್ಟವು ಅಂತಲ್ಲ. ಒಳ್ಳೆಯವಕ್ಕೆ ಮೇಲಿಂದ ಇನ್ನೊಂದು ಪಿನ್ನೂ ಇರುತ್ತದೆ. ಆದರೆ ನನಗೆ ಕಣ್ಣಿಗೆ ಕಾಣುವ ಬೀಗ ಬೇಕಿತ್ತು. ದಪ್ಪ ಪಿನ್ನು ಈ ಕಡೆಯಿಂದ ಹೋಗಿ ಆ ಕಡೆ ಹೊರಗೆ ಬಂದು ಕ್ಲಿಪ್ ಬಿತ್ತು ಅಂದ್ರೆ ಮುಗಿಯಿತು, ಅನುಮಾನಕ್ಕೆ ಜಾಗ ಇಲ್ಲ. ಈ ಜೋಡಿಗೆ ನಾನು ಕೊಡುವ ದೊಡ್ಡ ಮಾರ್ಕು ಇದಕ್ಕೇ.

ವೆಲ್ಡಿಂಗ್ ಸುತ್ತಲೂ ತುಂಬಿತ್ತು, ನಾಲ್ಕೂ ಪಾದ ನೆಲಕ್ಕೆ ಸಮ ಕೂತವು. ಆದರೆ ಒಂದು ಬೇಸರ. ಡಬ್ಬಿ ಮೇಲೆ ದೊಡ್ಡದಾಗಿ 3 ಟನ್ ಅಂತ ಇದೆ, ಸ್ಟಿಕ್ಕರ್‌ನಲ್ಲಿ ಇರುವೆ ಅಕ್ಷರದಲ್ಲಿ ಅದು ಜೋಡಿಗೆ ಅಂತ ಇದೆ. ಅಂದ್ರೆ ಒಂದೊಂದಕ್ಕೆ ಒಂದೂವರೆ ಟನ್. ಇದನ್ನು ಎದ್ದು ಕಾಣುವ ಹಾಗೆ ಹಾಕಬೇಕಿತ್ತು. ನಮ್ಮ ಕಾರಿಗೆ ತೊಂದರೆ ಇಲ್ಲ. ವ್ಯಾಗನ್‌ಆರ್ ಇಡೀ ತೂಕ ಒಂದು ಟನ್‌ಗಿಂತ ಕಡಿಮೆ. ಎಂಜಿನ್ ಇರುವ ಮುಂಭಾಗಕ್ಕೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಬಿದ್ದರೂ ಒಂದು ಸ್ಟ್ಯಾಂಡಿನ ಪಾಲಿಗೆ 300 ಕೆಜಿ ಆಸುಪಾಸು. ಹಾಗಾದ್ರೆ 2 ಟನ್ ಜೋಡಿ ಸಾಕಿತ್ತಲ್ವಾ ಅಂದರೆ, ಅಂಗಡಿಯಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. 3 ಟನ್‌ನದರ ಬುಡ ಅಗಲ. ಬುಡ ಅಗಲ ಇದ್ದಷ್ಟೂ ಮಗುಚುವುದು ಕಷ್ಟ.

ಬಳಸುವಾಗ ಮೊದಲು ತಲೆನೋವಾಗಿದ್ದು ಜಾಗದ್ದು. ಪಕ್ಕದಲ್ಲಿ, ಬಾಗಿಲ ಕೆಳಗಿನ ಅಂಚಿನಲ್ಲಿ ಜಾಕಿ ಕೊಡಲು ಎರಡು ಕಚ್ಚಿನಂಥ ಗುರುತುಗಳ ನಡುವೆ ಒಂದೇ ಒಂದು ಜಾಗ. ಅಲ್ಲಿ ಜಾಕಿ ಇಟ್ಟರೆ ಸ್ಟ್ಯಾಂಡಿಗೆ ಜಾಗ ಇಲ್ಲ. ಇದಕ್ಕೆ ಟ್ರಾಲಿ ಜಾಕಿಯನ್ನು ಪುಸ್ತಕದಲ್ಲಿ ತೋರಿಸಿದ ಬೇರೆ ಗಟ್ಟಿ ಜಾಗಕ್ಕೆ ಕೊಟ್ಟು ಎತ್ತಿ, ಸ್ಟ್ಯಾಂಡನ್ನು ಪಕ್ಕದ ಅಂಚಿಗೆ ಇಡಬೇಕು. ಆಯಿಲ್ ಚೇಂಬರಿಗೆ ಮಾತ್ರ ಜಾಕಿ ಕೊಡಬೇಡಿ, ಜಜ್ಜಿಹೋಗುತ್ತದೆ. ಇನ್ನೊಂದು, ಈ ಸ್ಟ್ಯಾಂಡಿನ ತಲೆ ಬಟ್ಟಲಿನ ಥರ ತಗ್ಗಾಗಿದೆ. ಆಕ್ಸಲ್ ಕೂರಲು ಚೆನ್ನಾಗಿದೆ, ಆದರೆ ಕಾರಿನ ತೆಳು ಅಂಚು ಅದರ ಮೇಲೆ ನೆಟ್ಟಗೆ ಕೂರದೆ ಬಾಗುತ್ತದೆ. ಜೊತೆಗೆ ರಬ್ಬರ್ ಪ್ಯಾಡ್ ಕೊಟ್ಟಿಲ್ಲ. ಹೊಸಪೇಟೆ ರೋಡಿನ ಟೈರ್ ಅಂಗಡಿಯಲ್ಲಿ ಹಳೇ ಲಾರಿ ಟೈರಿನ ದಪ್ಪ ತುಂಡು ಇಸ್ಕೊಂಡು, ನಡುವೆ ಕಾಲುವೆ ಥರ ಗೀರಿಸಿಕೊಂಡೆ. ಅಂಚು ಆ ಕಾಲುವೆಯಲ್ಲಿ ಕೂರುತ್ತದೆ. ಈಗ ಬಣ್ಣವೂ ಹೋಗುವುದಿಲ್ಲ, ಕಬ್ಬಿಣದ ಮೇಲೆ ಕಬ್ಬಿಣ ಜಾರುವ ಭಯವೂ ಇಲ್ಲ.

ಎತ್ತರ ಅಳೆದು ನೋಡಿದೆ. ಕಡಿಮೆ ಅಂದರೆ 28 ಸೆಂಟಿಮೀಟರ್, ಜಾಸ್ತಿ ಅಂದರೆ 42. ಪಿನ್ನಿನ ತೂತುಗಳ ನಡುವೆ ಸುಮಾರು ಮೂರೂವರೆ ಸೆಂಟಿಮೀಟರ್ ಅಂತರ, ಅದಕ್ಕೆ ನಡುವಿನ ಎತ್ತರ ಸಿಗುವುದಿಲ್ಲ. ಎರಡೂ ಸ್ಟ್ಯಾಂಡಿನ ಪಿನ್ ಒಂದೇ ತೂತಿನಲ್ಲಿ ಇದೆಯಾ ಅಂತ ಪ್ರತಿ ಸಲ ಎಣಿಸಿ ನೋಡುತ್ತೇನೆ. ತೀರಾ ತಗ್ಗಿನ ಕಾರು ಇರುವವರಿಗೆ ಈ 28 ಜಾಸ್ತಿಯೇ. ಅವರ ಜಾಕಿ ಅಷ್ಟು ಎತ್ತರ ಎತ್ತುತ್ತದಾ ಅಂತ ಮೊದಲು ನೋಡಿಕೊಳ್ಳಬೇಕು.

ನೆಲದ ವಿಷಯ ನಮ್ಮ ಊರಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಬಳ್ಳಾರಿ ಬೇಸಿಗೆಯಲ್ಲಿ ಮಧ್ಯಾಹ್ನದ ಡಾಂಬರು ಮೆತ್ತಗಾಗುತ್ತದೆ. ಮೇ ತಿಂಗಳಲ್ಲಿ ಒಮ್ಮೆ ಮನೆ ಮುಂದಿನ ರಸ್ತೆಯಲ್ಲೇ ಸ್ಟ್ಯಾಂಡ್ ಕೊಟ್ಟಿದ್ದೆ, ಎತ್ತಿದ ಮೇಲೆ ನೋಡಿದರೆ ನಾಲ್ಕು ಪಾದದ ಗುರುತು ಡಾಂಬರಿನಲ್ಲಿ ಮೂಡಿತ್ತು, ಒಂದು ಪಾದ ಜಾಸ್ತಿ ಇಳಿದಿತ್ತು. ಇದರ ಪಾದದ ಅಂಚು ತೆಳು, ಅದೂ ಒಂದು ಕೊರತೆ. ಎರೆ ಮಣ್ಣಿನ ಅಂಗಳ ಆದರಂತೂ ಮಳೆ ಬಂದ ಮೇಲೆ ಕೈ ಹಾಕಲೇ ಬೇಡಿ, ಒಣಗಿ ಬಿರುಕು ಬಿಟ್ಟಾಗಲೂ ಬೇಡ. ನಮ್ಮ ಪೋರ್ಟಿಕೋಗೆ ಕಾಂಕ್ರೀಟ್ ಇದೆ, ಆದರೂ ಕೆಳಗಿನ ಎರೆ ಮಣ್ಣು ಉಬ್ಬಿ ಇಳಿದು ಒಂದು ಮೂಲೆ ಬಿರುಕು ಬಿಟ್ಟಿದೆ. ಆ ಮೂಲೆ ಬಿಟ್ಟು, ಸಮ ಇರುವ ಕಡೆ, ಕೆಳಗೆ 18 ಎಂಎಂ ಪ್ಲೈವುಡ್ ತುಂಡು ಹಾಕಿ ಇಡುತ್ತೇನೆ.

ಚಕ್ರಕ್ಕೆ ಅಡ್ಡ ಕೊಡುವುದು ಬೇರೆ ಬೇರೆ ಗಾಡಿಗೆ ಬೇರೆ ಬೇರೆ. ನಮ್ಮ ಕಾರಿನಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರವನ್ನು, ಗೇರು ಹಿಡಿಯುವುದು ಮುಂದಿನದನ್ನು. ಹಿಂಭಾಗ ಎತ್ತಿದರೆ ಹ್ಯಾಂಡ್‌ಬ್ರೇಕ್ ಇದ್ದೂ ಇಲ್ಲದ ಹಾಗೆ. ಮಾವನ ಬೊಲೆರೋದಲ್ಲಿ ಇನ್ನೂ ಕಷ್ಟ, ಅದು ಹಿಂದಿನ ಚಕ್ರದಿಂದ ಓಡುವ ಗಾಡಿ. ಅದರ ಹಿಂಭಾಗ ಎತ್ತಿದರೆ ಹ್ಯಾಂಡ್‌ಬ್ರೇಕೂ ಗೇರೂ ಎರಡೂ ಗಾಳಿಯಲ್ಲಿರುವ ಚಕ್ರವನ್ನೇ ಹಿಡಿದಿರುತ್ತವೆ, ನೆಲದ ಮೇಲಿರುವ ಮುಂದಿನ ಚಕ್ರಗಳು ಬಿಡುಬೀಸು. ಅದಕ್ಕೆ ಮುಂದಿನ ಎರಡೂ ಚಕ್ರಕ್ಕೆ, ಹಿಂದೆ ಮುಂದೆ ಎರಡೂ ಕಡೆ, ಅಡ್ಡ ಕೊಟ್ಟ ಮೇಲೆಯೇ ಜಾಕಿ ಮುಟ್ಟಬೇಕು. ಬೊಲೆರೋದ ಹಿಂದಿನ ಆಕ್ಸಲ್ ಈ ಸ್ಟ್ಯಾಂಡಿನ ಬಟ್ಟಲಿನಲ್ಲಿ ಅಳತೆ ಮಾಡಿದ ಹಾಗೆ ಕೂತಿತು. ಅಲ್ಲಿ ಈ ಜೋಡಿ ನನಗೆ ತುಂಬಾ ಇಷ್ಟವಾಯಿತು.

ಚಕ್ರದ ನಟ್ಟು ಮೊದಲೇ, ಗಾಡಿ ನೆಲದ ಮೇಲಿರುವಾಗಲೇ ಸಡಿಲಿಸುತ್ತೇನೆ. ಸ್ಟ್ಯಾಂಡಿನ ಮೇಲೆ ಇಳಿಸಿದ ಮೇಲೆ ಕಾರಿನ ಪಕ್ಕ ನಿಂತು ಎರಡೂ ಕೈಯಿಂದ ಜೋರಾಗಿ ತಳ್ಳಿ ನೋಡುತ್ತೇನೆ. ಬೀಳುವುದಿದ್ದರೆ ಆಗಲೇ ಬೀಳಲಿ. ಬಿಚ್ಚಿದ ಚಕ್ರವನ್ನು ಅಂಚಿನ ಕೆಳಗೆ ಮಲಗಿಸಿಡುತ್ತೇನೆ. ಜಾಕಿಯನ್ನೂ ತೆಗೆಯುವುದಿಲ್ಲ, ತಾಗಿಯೂ ತಾಗದ ಹಾಗೆ ಅಲ್ಲೇ ಬಿಡುತ್ತೇನೆ. ನಾನು ಕೆಳಗೆ ಇರುವಷ್ಟು ಹೊತ್ತು ಹೆಂಡತಿಯೋ ಅಮ್ಮನೋ ಕೂಗಿದರೆ ಕೇಳುವಷ್ಟು ಹತ್ತಿರ ಇರುತ್ತಾರೆ.

14 ತಿಂಗಳಲ್ಲಿ ಬಣ್ಣ ಅಲ್ಲಲ್ಲಿ ಹೋಗಿದೆ, ವೆಲ್ಡಿಂಗ್ ಎಲ್ಲೂ ಬಿಟ್ಟಿಲ್ಲ, ಕಾಲು ಬಾಗಿಲ್ಲ. ಕೆಟ್ಟದ್ದು ಒಂದೇ, ಪಿನ್ನು ಕಟ್ಟಿದ ಸಣ್ಣ ಸರಪಳಿ. ಮೂರನೇ ತಿಂಗಳಲ್ಲೇ ಎರಡೂ ಕಿತ್ತುಬಂದವು. ಅದರ ಪರಿಣಾಮ ಹೋದ ತಿಂಗಳು ಗೊತ್ತಾಯಿತು. ಸಿರುಗುಪ್ಪದಿಂದ ಭಾವ ಬಂದು ಸ್ಟ್ಯಾಂಡ್ ಒಯ್ದಿದ್ದರು. ವಾಪಸ್ ಬಂದಾಗ ಒಂದರಲ್ಲಿ ಪಿನ್ ಬದಲು ಬೋಲ್ಟು ಇತ್ತು. ಪಿನ್ ಎಲ್ಲೋ ಬಿದ್ದುಹೋಯಿತು, ಇದೂ ಗಟ್ಟಿ ಇದೆ ಬಿಡು ಅಂದರು. ಬೋಲ್ಟು ಪಿನ್ನಿಗಿಂತ ಸಣ್ಣ, ತೂತಿನಲ್ಲಿ ಆಡುತ್ತಿತ್ತು, ಭಾರ ಬಿದ್ದಿದ್ದು ಬೋಲ್ಟಿನ ಥ್ರೆಡ್ಡಿನ ಮೇಲೆ. ಥ್ರೆಡ್ಡುಗಳು ಆಗಲೇ ಜಜ್ಜಿದ್ದವು. ಭಾವನನ್ನು ಕೂರಿಸಿಕೊಂಡು ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದೆ, ಅವರೂ ಸುಮ್ಮನಾದರು. ಇಬ್ಬರೂ ಸೇರಿ ಅದೇ ಅಂಗಡಿಗೆ ಹೋದೆವು. ಬಿಡಿ ಪಿನ್ನು ಇಟ್ಟಿದ್ದರು, ಕ್ಲಿಪ್ ಸಮೇತ 60 ರೂಪಾಯಿ. ಎರಡು ಜಾಸ್ತಿಯೇ ತಗೊಂಡೆ, ಭಾವ ತಮಗೆ ಒಂದು ಹೊಸ ಜೋಡಿ ತಗೊಂಡರು. ಮನೆಗೆ ಬಂದು ಸರಪಳಿ ಬದಲು ಸ್ಕೂಟರಿನ ಹಳೇ ಬ್ರೇಕ್ ಕೇಬಲ್ಲಿನ ತಂತಿಯಲ್ಲಿ ಇಬ್ಬರ ಜೋಡಿಯ ನಾಲ್ಕೂ ಪಿನ್ನುಗಳನ್ನು ಅವುಗಳ ಸ್ಟ್ಯಾಂಡಿಗೇ ಕಟ್ಟಿದೆವು.