ಬಯಲಲ್ಲಿ ನಿಲ್ಲುವ ಮೋಟಾರ್‌ಹೋಮ್‌ಗೆ ಕವರ್: ನಾಲ್ಕು ವರ್ಷ ಬಳಸಿದ ಮೇಲೆ

ನಾಲ್ಕು ವರ್ಷದಿಂದ ಒಂದೇ ಕವರ್ ಬಳಸುತ್ತಿದ್ದೇನೆ. ನಮ್ಮ ಮೋಟಾರ್‌ಹೋಮ್, ಅಂದರೆ ಒಳಗೇ ಮಲಗಿ ಅಡುಗೆ ಮಾಡಿಕೊಳ್ಳಬಹುದಾದ ಮನೆಯಂಥ ಗಾಡಿ, ಸುಮಾರು 7 ಮೀಟರ್ ಉದ್ದ. ವರ್ಷದಲ್ಲಿ ಆರೇಳು ತಿಂಗಳು ಬಯಲಲ್ಲೇ ನಿಂತಿರುತ್ತದೆ. ಮೇಲೆ ಶೆಡ್ ಇಲ್ಲ, ಪಕ್ಕದಲ್ಲಿ ಗೋಡೆಯೂ ಇಲ್ಲ. ಕವರ್ ಪಾಲಿಪ್ರೊಪಿಲೀನ್ ಬಟ್ಟೆಯದು, ಚಾವಣಿಯ ಭಾಗಕ್ಕೆ ನಾಲ್ಕು ಪದರ, ಪಕ್ಕಗಳಿಗೆ ಒಂದೇ ಪದರ. ಕೊಂಡ ಮೊದಲ ತಿಂಗಳಲ್ಲೇ ಬರೆದಿದ್ದರೆ ಐದಕ್ಕೆ ಐದು ಕೊಡುತ್ತಿದ್ದೆ. ಈಗ ನಾಲ್ಕು ಕೊಡುತ್ತೇನೆ, ಅದೂ ಸರಿಯಾಗಿ ಕಟ್ಟುವುದನ್ನು ಕಲಿತ ಮೇಲೆ.

ಇದಕ್ಕೂ ಮೊದಲು ಟಾರ್ಪಾಲ್ ಹೊದಿಸಿದ್ದೆ. ಮಳೆ ಒಂದು ಹನಿಯೂ ಒಳಗೆ ಬರಲಿಲ್ಲ, ಆದರೆ ಒಳಗಿನ ತೇವ ಹೊರಗೂ ಹೋಗಲಿಲ್ಲ. ರಾತ್ರಿ ತಂಪಾದಾಗ ಟಾರ್ಪಾಲಿನ ಒಳಮೈಗೆ ನೀರು ಕಟ್ಟಿ ಗಾಡಿಯ ಮೇಲೇ ತೊಟ್ಟಿಕ್ಕುತ್ತಿತ್ತು. ಮೂರು ತಿಂಗಳ ನಂತರ ತೆಗೆದು ನೋಡಿದರೆ ಕಿಟಕಿ ರಬ್ಬರಿನ ಸುತ್ತ ಕಪ್ಪು ಬೂಷ್ಟು. ಅದನ್ನಾದರೂ ತೊಳೆಯಬಹುದು. ಹೊಟ್ಟೆ ಉರಿದದ್ದು ಬಣ್ಣ ನೋಡಿ. ಟಾರ್ಪಾಲಿನ ಅಂಚಿಗೆ ಲೋಹದ ಬಳೆಗಳಿರುತ್ತವಲ್ಲ, ಅವು ಗಾಳಿಗೆ ಬಡಿದು ಬಡಿದು ಒಂದು ಬದಿಯಲ್ಲಿ ಬಣ್ಣವನ್ನು ಪೂರ್ತಿ ಕೆರೆದು ಹಾಕಿದ್ದವು.

ಈಗಿನ ಕವರ್ ಉಸಿರಾಡುತ್ತದೆ. ಮಳೆಯಲ್ಲಿ ಸ್ವಲ್ಪ ಒದ್ದೆಯಾಗುತ್ತದೆ, ಬಿಸಿಲು ಬಂದರೆ ಬೇಗ ಒಣಗುತ್ತದೆ. ಇದು ನೂರಕ್ಕೆ ನೂರು ನೀರು ತಡೆಯುವ ಬಟ್ಟೆ ಅಂದುಕೊಂಡು ಕೊಳ್ಳಬೇಡಿ. ನೀರು ತಡೆಯಬೇಕಾದದ್ದು ಗಾಡಿಯ ಚಾವಣಿ. ಕೀಲುಗಳಲ್ಲಿ, ಗಾಳಿಕಿಂಡಿಯ ಸುತ್ತ ನೀರು ಸೋರದಂತೆ ಹಾಕಿರುವ ಸೀಲಂಟ್ ಅಂಟು ಬಿರುಕು ಬಿಟ್ಟಿದ್ದರೆ ಯಾವ ಕವರ್ ಹಾಕಿಯೂ ಪ್ರಯೋಜನವಿಲ್ಲ. ನಾನು ಕವರ್ ಹಾಕುವ ಮೊದಲು ಒಮ್ಮೆ, ತೆಗೆದ ಮೇಲೆ ಒಮ್ಮೆ ಚಾವಣಿಯನ್ನು ಬೆರಳಿಂದ ಒತ್ತಿ ನೋಡುತ್ತೇನೆ. ಎಲ್ಲಾದರೂ ಮೆತ್ತಗಿದ್ದರೆ ಒಳಗೆ ನೀರು ಹೋಗಿದೆ ಎಂದೇ ಲೆಕ್ಕ.

ಇನ್ನು ಗಾಳಿ. ನಾಲ್ಕು ವರ್ಷದಲ್ಲಿ ಈ ಕವರಿಗೆ ಆದ ಹಾನಿಯಲ್ಲಿ ಬಹುಪಾಲು ಗಾಳಿಯಿಂದಲೇ ಆದದ್ದು. ಗಾಳಿಯ ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟಾಗುತ್ತದೆ. ಗಂಟೆಗೆ 40 ಕಿಲೋಮೀಟರ್ ಗಾಳಿಗೆ ಕವರ್ ಸುಮ್ಮನೆ ಅಲುಗಾಡುತ್ತಿತ್ತು ಅಂತ ಸಮಾಧಾನಪಟ್ಟುಕೊಂಡರೆ 80ಕ್ಕೆ ಬಕಲ್ ಕಿತ್ತುಕೊಂಡು ಹೋಗುತ್ತದೆ. ನನಗೆ ಹಾಗೇ ಆಯಿತು. ಎರಡನೇ ವರ್ಷದ ಒಂದು ರಾತ್ರಿ ಹಿಂಭಾಗದ ಎರಡು ಬಕಲ್ ಮುರಿದು, ಕವರ್ ಹಾಯಿಯಂತೆ ಉಬ್ಬಿ ಪಟಪಟ ಬಡಿದುಕೊಳ್ಳುವ ಸದ್ದು ಮನೆಯೊಳಗೇ ಕೇಳಿಸಿತು. ಆ ಗಾಳಿಯಲ್ಲಿ ಹತ್ತಿರ ಹೋಗುವ ಧೈರ್ಯ ಬರಲಿಲ್ಲ. ಬೆಳಗ್ಗೆ ನೋಡಿದರೆ ಏಣಿಯ ಮೂಲೆಯಲ್ಲಿ ಅಂಗೈ ಅಗಲ ಹರಿದಿತ್ತು.

ತಪ್ಪು ಅಳತೆಯಲ್ಲಿತ್ತು. ಹಾಕಲು ಸುಲಭವಾಗಲಿ ಅಂತ ಒಂದು ಸೈಜ್ ದೊಡ್ಡದು ತಗೊಂಡಿದ್ದೆ. ಸಡಿಲ ಬಟ್ಟೆ ಸಿಕ್ಕರೆ ಗಾಳಿ ಅದನ್ನು ಹಿಡಿದು ಎಳೆಯದೆ ಬಿಡುತ್ತದಾ? ಬಟ್ಟೆ ಬಡಿದುಕೊಂಡಷ್ಟೂ ಅದೂ ಸವೆಯುತ್ತದೆ, ಅಡಿಯಲ್ಲಿ ಸಿಕ್ಕ ಧೂಳಿನಿಂದ ಗಾಡಿಯ ಬಣ್ಣವೂ ಸವೆಯುತ್ತದೆ. ಆದ್ದರಿಂದ ಅಳತೆ ತೆಗೆಯುವಾಗ ಮುಂದಿನ ಬಂಪರಿನಿಂದ ಹಿಂದಿನ ಏಣಿಯವರೆಗೆ, ಸ್ಟೆಪ್ನಿ ಹೊರಗಿದ್ದರೆ ಅದನ್ನೂ ಸೇರಿಸಿ ಟೇಪ್ ಹಿಡಿಯಿರಿ. ಎತ್ತರದಲ್ಲಿ ಮೇಲಿನ ಎ.ಸಿ.ಯನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಅನ್ನುವುದು ಒಂದೊಂದು ಕವರಿಗೆ ಒಂದೊಂದು ಥರ ಇರುತ್ತದೆ, ಅದರ ಚಾರ್ಟ್ ಓದಿಯೇ ಆರ್ಡರ್ ಮಾಡಿ.

ಅಳತೆ ದೊಡ್ಡದಾದರೂ ಕವರನ್ನು ಉಳಿಸಿಕೊಂಡೆ. ಮುರಿದ ಬಕಲ್ ಬದಲಿಸಿದೆ. ಮುಂದೆ ಹಿಂದೆ ಬಟ್ಟೆ ಎಳೆದು ಬಿಗಿಯುವ ಪಟ್ಟಿಗಳಿವೆ, ಮೊದಲ ವರ್ಷ ಅವುಗಳ ಕಡೆ ನಾನು ನೋಡಿಯೇ ಇರಲಿಲ್ಲ. ಈಗ ಮೊದಲು ಬಿಗಿಯುವುದು ಅವನ್ನೇ. ಹೊಟ್ಟೆಯಡಿ ಪಟ್ಟಿ ದಾಟಿಸಲು ಜೊತೆಗೆ ಪುಟ್ಟ ಚೀಲ ಕೊಟ್ಟಿದ್ದಾರೆ. ಅದಕ್ಕೆ ಮರಳು ತುಂಬಿ, ಪಟ್ಟಿಯ ತುದಿಗೆ ಸಿಕ್ಕಿಸಿ ಎಸೆದರೆ ಆ ಕಡೆ ಸಿಗುತ್ತದೆ. ತುಂಬಾ ಒಳ್ಳೆಯ ಯೋಚನೆ, ಮಣ್ಣಲ್ಲಿ ತೆವಳುವುದು ತಪ್ಪಿತು. ಪಟ್ಟಿ ಬ್ರೇಕ್ ಪೈಪಿಗೋ ವೈರಿಗೋ ಸಿಕ್ಕಿಕೊಂಡಿಲ್ಲ ತಾನೇ ಅಂತ ಬಗ್ಗಿ ನೋಡಿ. ಕಟ್ಟಿದ ಎರಡು ದಿನಕ್ಕೆ ಬಟ್ಟೆ ಸ್ವಲ್ಪ ಹಿಗ್ಗುತ್ತದೆ, ಆಗ ಇನ್ನೊಮ್ಮೆ ಬಿಗಿಯಬೇಕು. ಕವರಿನ ಪಕ್ಕದಲ್ಲಿರುವ ಗಾಳಿಕಿಂಡಿಗಳನ್ನು ಮುಚ್ಚಬೇಡಿ, ಒಳಗೆ ಸೇರಿದ ಗಾಳಿಯೂ ತೇವವೂ ಅಲ್ಲಿಂದಲೇ ಹೋಗಬೇಕು.

ಚೂಪಾದ ಜಾಗಗಳೆಂದರೆ ಏಣಿ, ಆಂಟೆನಾ, ಕನ್ನಡಿ, ಚಾವಣಿಯ ನೀರು ಇಳಿಯುವ ಪುಟ್ಟ ಮೂತಿಗಳು. ಇವಕ್ಕೆಲ್ಲ ಪೈಪಿಗೆ ಸುತ್ತುವ ಫೋಮ್ ಕೊಳವೆ ಸೀಳಿ ತೊಡಿಸಿದೆ, ನೀರಿನ ಮೂತಿಗಳಿಗೆ ಹಳೆಯ ಟೆನಿಸ್ ಚೆಂಡು ಕೊಯ್ದು ಸಿಕ್ಕಿಸಿದೆ. ಹರಿದ ಕಡೆ ತೇಪೆ ಹಾಕಿದ್ದು ಇವತ್ತಿಗೂ ಗಟ್ಟಿಯಾಗಿದೆ, ಹೊಸದಾಗಿ ಎಲ್ಲೂ ಹರಿದಿಲ್ಲ. ನಿಲ್ಲಿಸುವ ದಿಕ್ಕನ್ನೂ ಬದಲಿಸಿದೆ. ನಮ್ಮ ಗಾಡಿಯ ಉದ್ದದ ಬದಿ ಸುಮಾರು 20 ಚದರ ಮೀಟರ್, ಗಾಡಿಯ ಮುಂದಿನ ಮೂತಿ ಬರೀ 7. ಗಾಳಿ ಜಾಸ್ತಿ ಬೀಸುವ ಕಡೆಗೆ ಮೂತಿ ತಿರುಗಿಸಿದ ಮೇಲೆ ಬಡಿತದ ಸದ್ದೇ ಕಮ್ಮಿಯಾಯಿತು. ಮರದ ನೆರಳು ಬೇಡವೇ ಬೇಡ, ಒಂದು ಕೊಂಬೆ ಮುರಿದು ಬಿದ್ದರೆ ಅಲ್ಲಿಗೆ ಮುಗಿಯಿತು.

ಕವರ್ ಹಾಕುವ ದಿನ ಗಾಳಿ ಇರಬಾರದು, ಗಾಡಿ ತೊಳೆದು ಪೂರ್ತಿ ಒಣಗಿರಬೇಕು. ಧೂಳಿನ ಮೇಲೆ ಕವರ್ ಎಳೆದರೆ ಸ್ಯಾಂಡ್‌ಪೇಪರ್ ಉಜ್ಜಿದ ಹಾಗೆ. ಒಬ್ಬರೇ ಹಾಕಲು ಹೋಗಬೇಡಿ, ಇಬ್ಬರಿದ್ದರೆ ನಲವತ್ತು ನಿಮಿಷದ ಕೆಲಸ. ಒಳಗೆ ಫ್ರಿಜ್ ಬಾಗಿಲು ಸ್ವಲ್ಪ ತೆರೆದಿಡಿ, ನೀರಿನ ಟ್ಯಾಂಕು, ಪೈಪು ಎಲ್ಲ ಖಾಲಿ ಮಾಡಿ.

ಕೊಂಡಾಗ ಯಾರೂ ಹೇಳದ ಒಂದು ವಿಷಯವಿದೆ. ಚಾವಣಿ ಮೇಲೆ ಸೋಲಾರ್ ಇದ್ದರೆ ಕವರ್ ಅದನ್ನೂ ಮುಚ್ಚುತ್ತದೆ! ಬ್ಯಾಟರಿ ತಾನೇ ಚಾರ್ಜ್ ಆಗುತ್ತಿದೆ ಅಂದುಕೊಂಡು ಮೊದಲ ವರ್ಷ ಬಿಟ್ಟುಬಿಟ್ಟೆ. ತೆರೆದಾಗ 12 ವೋಲ್ಟಿಗಿಂತ ಕೆಳಗೆ ಇಳಿದಿತ್ತು. ಲೆಡ್ ಆಸಿಡ್ ಬ್ಯಾಟರಿ ಪೂರ್ತಿ ತುಂಬಿದ್ದರೆ 12.6 ಅಥವಾ 12.7 ತೋರಿಸಬೇಕು. ಹಾಗೆ ಖಾಲಿಯಾಗಿ ತಿಂಗಳುಗಟ್ಟಲೆ ನಿಂತ ಬ್ಯಾಟರಿ ಮತ್ತೆ ಮೊದಲಿನಂತಾಗಲಿಲ್ಲ. ಈಗ ಬಿಚ್ಚಿ ಮನೆಯೊಳಗಿಟ್ಟು ಆಗಾಗ ಚಾರ್ಜ್ ಮಾಡುತ್ತೇನೆ.

ಟೈರುಗಳಿಗೆ ಬೇರೆ ಕವರ್ ಬೇಕು, ಏಕೆಂದರೆ ದೊಡ್ಡ ಕವರ್ ಕೆಳಗಿನವರೆಗೆ ಬರುವುದಿಲ್ಲ, ಬಿಸಿಲಿಗೆ ರಬ್ಬರ್ ಸಣ್ಣಗೆ ಸೀಳುತ್ತದೆ. ಚಕ್ರಕ್ಕೆ ಎರಡೂ ಕಡೆ ಅಡ್ಡ ಕೊಟ್ಟು ಹ್ಯಾಂಡ್‌ಬ್ರೇಕ್ ಬಿಟ್ಟಿರುತ್ತೇನೆ. ತಿಂಗಳುಗಟ್ಟಲೆ ಎಳೆದಿಟ್ಟರೆ ಬ್ರೇಕ್ ಅಂಟಿಕೊಳ್ಳುತ್ತದೆ. ನೆಲ ಸಮತಟ್ಟಾಗಿದ್ದರೆ ಮಾತ್ರ ಹೀಗೆ ಮಾಡಿ.

ಈಗ ಕವರಿನ ಸ್ಥಿತಿ ಹೇಳುತ್ತೇನೆ. ಜಿಪ್ ಬಾಗಿಲುಗಳು ಚೆನ್ನಾಗಿವೆ. ಹೊಲಿಗೆ ಎಲ್ಲೂ ಬಿಟ್ಟಿಲ್ಲ. ಮಧ್ಯಾಹ್ನದ ಬಿಸಿಲು ನೇರವಾಗಿ ಬೀಳುವ ಪಕ್ಕದಲ್ಲಿ ಮಾತ್ರ ಬಟ್ಟೆ ಉಜ್ಜಿದರೆ ಕೈಗೆ ಬಿಳಿ ಪುಡಿ ಹತ್ತುತ್ತಿದೆ. ಬಿಸಿಲಿಗೆ ಈ ಬಟ್ಟೆ ಕೊನೆಗೆ ಹೀಗೇ ಆಗುವುದು. ಇನ್ನೊಂದು ವರ್ಷ ಬರಬಹುದು, ಅಷ್ಟೇ. ಗಾಡಿಯ ಬಣ್ಣದಲ್ಲಿ ಟಾರ್ಪಾಲ್ ಮಾಡಿದ ಗೀರು ಬಿಟ್ಟರೆ ಹೊಸ ಗುರುತು ಒಂದೂ ಇಲ್ಲ, ಕಿಟಕಿ ರಬ್ಬರಿಗೆ ಬೂಷ್ಟು ಮತ್ತೆ ಬಂದಿಲ್ಲ. ಮುಂದಿನ ವರ್ಷ ಇದೇ ಕವರನ್ನೇ ಮತ್ತೆ ತಗೊಳ್ಳುತ್ತೇನೆ, ಒಂದು ಸೈಜ್ ಚಿಕ್ಕದು.